ರೈಲಿಗಿಂತ ಮೊದಲು ಬಂದ ಗೂಟಗಳು

ಯಾವ ಊರಿಗೇ ಆಗಲಿ, ರೈಲಿಗಿಂತ ಮೊದಲು ಗೂಟ ಬರುತ್ತದೆ. ಗೂಟ ಬಂದ ಊರಲ್ಲಿ ಏನಾದರೊಂದು ಪ್ರಸಂಗ ನಡೆಯದೆ ಹೋದದ್ದನ್ನು ನಾನಂತೂ ಕಾಣಲಿಲ್ಲ. ನಗಬೇಕೋ ಅಳಬೇಕೋ ಆ ಹೊತ್ತಿಗೆ ತಿಳಿಯುತ್ತಿರಲಿಲ್ಲ. ಈಗ ನಗು ಬರುತ್ತದೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಕಡೆಯ ಜಿಲ್ಲೆಗಳೆಲ್ಲ ಇನ್ನೂ ಮುಂಬಯಿಯ ಕೈಕೆಳಗೇ ಇದ್ದವು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮೇಲೆ ಹಾಯ್ದು ಹೋಗುವ ದೊಡ್ಡದೊಂದು ರೈಲು ಮಾರ್ಗದ ಮಾತು ಎದ್ದಿತ್ತು. ಎಲ್ಲಿ ಏರು, ಎಲ್ಲಿ ತಗ್ಗು, ಎಲ್ಲಿ ಹಳ್ಳ ಎಂದು ಅಳೆದು ನೋಡಿ ಗೂಟ ಹೊಡೆಯುತ್ತ ಹೋಗುವ ಸರ್ವೇ ಪಾರ್ಟಿಯಲ್ಲಿ ನಾನು ಕಾರಕೂನ. ಆ ಮಾರ್ಗ ಮುಂದೆ ಕಾಗದದ ಮೇಲೆಯೇ ಉಳಿಯಿತು, ಆ ಮಾತು ಬೇರೆ. ನಮ್ಮ ಮನೆಯಲ್ಲಿ ಅಜ್ಜ, ಅಪ್ಪ ಎಲ್ಲರೂ ಪಂಚಾಂಗ ನೋಡಿ ಮುಹೂರ್ತ ಹೇಳಿದವರು. ನಾನು ಅಳತೆಯ ಸರಪಳಿಯ ಹಿಂದೆ ಬಿಸಿಲಲ್ಲಿ ತಿರುಗುವುದನ್ನು ಕಂಡು ಅಪ್ಪ, 'ನವಗ್ರಹ ಬಿಟ್ಟು ಗೂಟ ಹಿಡದ್ಯಲ್ಲೋ' ಎಂದು ಹಣೆ ಬಡಿದುಕೊಂಡಿದ್ದರು.

ನಮ್ಮ ಸಾಹೇಬರು ಮದ್ರಾಸಿನ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಕನ್ನಡ ಬಾರದು. ಹೀಗಾಗಿ ನನ್ನದು ಹೆಸರಿಗೆ ಕಾರಕೂನಿಕೆ. ನಿಜವಾಗಿ ಮಾಡಿದ್ದು ಜನ ನಮಗೆ ಬೈದದ್ದನ್ನು ಸಭ್ಯ ಇಂಗ್ಲಿಷಿಗೆ ತಿರುಗಿಸುವ ಕೆಲಸ.

ಕುಣಿ

ಮಾರ್ಗ ಹೋಗುವಲ್ಲಿ ನೆಲ ಗಟ್ಟಿಯಿದೆಯೇ ಎಂದು ನೋಡಲು ಅಲ್ಲಲ್ಲಿ ಆಳುದ್ದದ ಗುಂಡಿ ತೋಡುತ್ತಿದ್ದೆವು. ಕಿತ್ತೂರು ಕಡೆಯ ಒಂದು ಹಳ್ಳಿಯಲ್ಲಿ ಅಂಥ ಗುಂಡಿಯೊಂದು, ಊರಿನವರು ಸತ್ತವರಿಗೆ ಮಣ್ಣು ಕೊಡುವ ಜಾಗದ ಪಕ್ಕಕ್ಕೇ ಬಂತು. ನಮ್ಮ ಖಲಾಸಿಗಳು, ಅಂದರೆ ಗೂಟ ಹೊಡೆದು ಗುಂಡಿ ತೋಡುವ ಆಳುಗಳು, ಬೆಳಗಿನ ತಂಪಿನಲ್ಲೇ ತೋಡಿ ಮುಗಿಸಿ ಬಂದು ರೊಟ್ಟಿ ಬಿಚ್ಚಿದ್ದರು. ಅಷ್ಟರಲ್ಲಿ ಬಡಿಗೆ ಹಿಡಿದ ಗುಂಪೊಂದು ಡೇರೆಯ ಮುಂದೆ ಬಂದು ನಿಂತಿತು. ಮುಂದಿದ್ದ ದಪ್ಪನೆಯ ಮನುಷ್ಯ ಬಡಿಗೆಯನ್ನು ನೆಲಕ್ಕೆ ಕುಟ್ಟಿ ಕೂಗಿದ.

'ಯಾರು ಹೇಳಿದ್ರು ನಿಮಗ? ನಮ್ಮಪ್ಪ ಇನ್ನೂ ಉಸರಾಡಾಕ ಹತ್ಯಾನ. ಅಷ್ಟರಾಗ ಕುಣಿ ತಗದು ಇಟ್ಟೀರಲ್ಲ!'

ಅವನ ಅಪ್ಪ ಬಹಳ ದಿನದಿಂದ ಮಲಗಿದ್ದ. ಇವತ್ತೋ ನಾಳೆಯೋ ಎಂದು ಸುತ್ತಲಿನ ಊರುಗಳಿಂದ ಬಂದ ನೆಂಟರು ಹೊಲದ ಬಿತ್ತಿಗೆ ಬಿಟ್ಟು ಕುಳಿತಿದ್ದರು. ಹೂಳುವ ಕುಣಿ ತಯಾರಾಗಿದೆ ಎಂಬ ಸುದ್ದಿ ಊರೊಳಗೆ ಹೋಗಿದ್ದೇ ತಡ, ಹೆಂಗಸರು ಅಳಲು ಶುರು ಮಾಡಿಬಿಟ್ಟರು. ಅಳು ಕೇಳಿದ ಮುದುಕ ಕಣ್ಣು ತೆರೆದು, 'ಯಾರು ಹೋದ್ರು?' ಎಂದು ಕೇಳಿದನಂತೆ.

ಸಾಹೇಬರು ನನ್ನತ್ತ ತಿರುಗಿ, 'ಏನನ್ನುತ್ತಿದ್ದಾರೆ?' ಎಂದರು.

'ಗುಂಡಿ ಬಹಳ ಬೇಗ ಆಯಿತು ಅನ್ನುತ್ತಿದ್ದಾರೆ ಸರ್.'

'ಹೌದು, ನಮ್ಮ ಆಳುಗಳು ಚುರುಕು ಎಂದು ಹೇಳಿ.'

ಅದನ್ನು ನಾನು ಕನ್ನಡಕ್ಕೆ ತಿರುಗಿಸುವ ಧೈರ್ಯ ಮಾಡಲಿಲ್ಲ. ನೇರವಾಗಿ ಕೈ ಮುಗಿದು, ಇದು ರೈಲಿನ ಗುಂಡಿ ಎಂದು ವಿವರಿಸಿ, ಅವರ ಜೊತೆಗೇ ಮನೆಗೆ ಹೋಗಿ ಮುದುಕನ ಕ್ಷಮೆ ಕೇಳಿದೆ. ಮುದುಕ ಎಲ್ಲ ಕೇಳಿಸಿಕೊಂಡು, 'ನನ್ನ ಹೊತ್ತುಕೊಂಡು ನಡೀರಿ, ನೋಡೂಣು' ಎಂದ. ಬೇಡವೆಂದರೆ ಕೇಳಲಿಲ್ಲ. ಹೊರಸಿನ ಸಮೇತ ಎತ್ತಿಕೊಂಡು ಹೋಗಿ ಗುಂಡಿಯ ದಂಡೆಗೆ ಇಳಿಸಿದರು. ಅವನು ಇಣುಕಿ ನೋಡಿ ನೋಡಿ, 'ಯಾರು ತಗದಾಂವ?' ಎಂದ. ನಮ್ಮ ಖಲಾಸಿಯೊಬ್ಬ ಹೆದರುತ್ತ ಮುಂದೆ ಬಂದ.

'ಗೋಡಿ ನೆಟ್ಟಗ ಬಂದೈತಿ ತಮ್ಮಾ, ಕೈ ಚೊಲೋ ಐತಿ ನಿಂದು. ಆದ್ರ ಅಗಲ ಸಾಲೂದಿಲ್ಲ. ನಮ್ಮವರಾಗ ಕುಂದರಿಸಿ ಮಣ್ಣು ಕೊಡತಾರ. ಮೊಣಕಾಲು ಎಲ್ಲಿ ಇಡ್ಲಿ ನಾ?'

ಮಗ ಅಳುತ್ತ, 'ಯಪ್ಪಾ, ಇದು ನಿನಗಲ್ಲೋ, ರೈಲಿಂದು' ಎಂದ.

'ಇರಲಿ ತಗೋ. ಬಿತ್ತಿಗಿ ದಿನ, ನಿಮಗೂ ಕೈ ಬಿಡುವಿಲ್ಲ. ತಗದದ್ದು ಯಾಕ ದಂಡ ಮಾಡೂದು?'

ಆ ವಾರದಲ್ಲೇ ಮುದುಕ ತೀರಿಕೊಂಡ. ಹೇಳಿದ್ದನಲ್ಲ, ಮಕ್ಕಳು ಅದನ್ನೇ ಅಗಲ ಮಾಡಿ ಅವನನ್ನು ಕೂಡಿಸಿದರು. ನಾವು ಮತ್ತೆ ಅಲ್ಲಿಗೆ ಹೋದಾಗ ಮಾರ್ಗದ ನಟ್ಟನಡುವೆ ಹಸಿ ಗದ್ದುಗೆ, ಅದರ ಮೇಲೆ ವಿಭೂತಿ, ಒಂದು ದೀಪ. ಸಾಹೇಬರು ಟೊಪ್ಪಿಗೆ ತೆಗೆದರು. ಆಮೇಲೆ ಮಾರ್ಗವನ್ನೇ ಬದಿಗೆ ಸರಿಸಿ ಹೊಸ ಗೂಟ ಹೊಡೆಸಿದರು. ಮಗ ಅದನ್ನು ನೋಡುತ್ತ ಕಣ್ಣೊರೆಸಿಕೊಂಡು ಹೇಳಿದ:

'ಬದುಕಿದ್ದಾಗ ಎದುರಿಗೆ ಚಕ್ಕಡಿ ಬಂದ್ರೂ ದಾರಿ ಬಿಟ್ಟು ಸರಿಯೂ ಮನುಷ್ಯಾ ಅಲ್ರಿ ಇವಾ. ಈಗ ನೋಡ್ರಿ, ರೈಲನ್ನ ಸರಿಸಿದಾ.'

ತುಳಸಿಕಟ್ಟೆ

ಬೈಲಹೊಂಗಲದ ಅಂಚಿನಲ್ಲಿ ನಮ್ಮ ಗೂಟವೊಂದು ಹತ್ತಿ ಅಡತಿ ಅಂಗಡಿಯ ಗುಮಾಸ್ತರೊಬ್ಬರ ಅಂಗಳದಲ್ಲಿ ಬಿತ್ತು. ಅವರಿಗೆ ಲಗ್ನಕ್ಕೆ ಬಂದ ಮಗಳು. ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆಂದು ಹೇಳಿ ಹೋದವರು ತಿಳಿಸಿರಲಿಲ್ಲ. ಈ ಸಲ ಗೋಕಾಕದ ಕಡೆಯ ಒಂದು ಸಂಬಂಧ ಮುಕ್ಕಾಲು ಕೂಡಿತ್ತು. ಗುಮಾಸ್ತರು ಡೇರೆಗೆ ಬಂದು ಅಂಗಲಾಚಿದರು.

'ಒಂದ ದಿವಸದ ಮಟ್ಟಿಗೆ ಆ ಗೂಟ ಕೀಳಸ್ರಿ. ಬೀಗರು ಬಂದು ಹೋದ ಕೂಡಲೆ ನಾನ ಮತ್ತ ಹೊಡಸ್ತೇನಿ.'

ಸಾಹೇಬರು ಆಗದೆಂದರು. ಒಂದು ಗೂಟ ಅಲುಗಿದರೆ ಮುಂದಿನ ಅಳತೆಯೆಲ್ಲ ಕೆಡುತ್ತದೆ. ಗುಮಾಸ್ತರು ಎದ್ದು ಹೋದರು.

ಕೆಲವು ದಿನ ಕಳೆದು ಅಳತೆ ಸರಿಯಿದೆಯೇ ಎಂದು ಮತ್ತೊಮ್ಮೆ ನೋಡುತ್ತ ನಾವು ಅದೇ ಅಂಗಳಕ್ಕೆ ಬಂದೆವು. ಗೂಟ ಕಾಣಲಿಲ್ಲ. ಅದರ ಜಾಗದಲ್ಲಿ ಹೊಸದಾಗಿ ಸುಣ್ಣ ಬಳಿದ ತುಳಸಿಕಟ್ಟೆ. ಜಗಲಿಯ ಮೇಲೆ ಜಮಖಾನೆ ಹಾಸಿ ಬೀಗರು ಕುಳಿತಿದ್ದರು. ಹುಡುಗನ ತಾಯಿ ಆಗಷ್ಟೇ ತುಳಸಿಗೆ ಪ್ರದಕ್ಷಿಣೆ ಹಾಕಿ, 'ಎಷ್ಟ ಛಂದ ಇಟಗೊಂಡೀರವ್ವಾ' ಎಂದು ಹೊಗಳುತ್ತಿದ್ದರು. ನಾನು ಪರಿಸ್ಥಿತಿ ಅರಿತು ಹಿಂದೆ ಸರಿಯಬೇಕು ಎನ್ನುವಷ್ಟರಲ್ಲಿ ನಮ್ಮ ಖಲಾಸಿ ಸರಪಳಿ ಎಳೆದು ಕಟ್ಟೆಗೆ ಮುಟ್ಟಿಸಿ, ನಿಧಿ ಸಿಕ್ಕವನ ಹಾಗೆ ಕೂಗಿದ:

'ಸಿಕ್ತ್ರೀ! ಗೂಟ ಇದರ ಹೊಟ್ಟ್ಯಾಗ ಐತ್ರಿ!'

ಹುಡುಗನ ತಂದೆ, 'ಯಾತರ ಗೂಟಪಾ?' ಎಂದರು.

ಖಲಾಸಿಗೆ ತಿಳಿಸಿ ಹೇಳುವ ಉತ್ಸಾಹ. 'ರೈಲಿಂದ್ರಿ ಯಜಮಾನ್ರ. ಹಿಂಗ ಬಂದು, ತುಳಸಿ ಮ್ಯಾಲ ಹಾದು, ಈಗ ನೀವು ಕುಂತೀರಲ್ಲ ಅಲ್ಲೇ ಹಾದು, ಸೀದಾ ಅಡಗಿಮನಿ ಮ್ಯಾಲ ಹೋಗತೈತ್ರಿ.'

ಯಜಮಾನರು ರೈಲು ಬಂದೇಬಿಟ್ಟಿತೆನ್ನುವ ಹಾಗೆ ಥಟ್ಟನೆ ಎದ್ದು ಪಕ್ಕಕ್ಕೆ ಸರಿದರು. ಎದ್ದವರು ಮತ್ತೆ ಕೂಡಲಿಲ್ಲ. ಮನೆಯೇ ನಿಲ್ಲದ ಕಡೆ ಮುಂದೆ ಹಬ್ಬಕ್ಕೆ ಬರುವುದು ಎಲ್ಲಿಗೆ, ಬಾಣಂತನ ಎಲ್ಲಿ ಎಂದು ಹುಡುಗನ ತಾಯಿ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಹೊರಡಲು ಚಕ್ಕಡಿಗೆ ಎತ್ತು ಹೂಡುವ ಮಾತು ಶುರುವಾಯಿತು. ಗುಮಾಸ್ತರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಒಳಗಿನಿಂದ ಮಗಳು ಎಲೆಅಡಿಕೆಯ ತಬಕು ಹಿಡಿದುಕೊಂಡೇ ಹೊರಗೆ ಬಂದಳು. ಖಾಲಿ ಜಮಖಾನೆ ನೋಡಿದಳು.

'ಒಬ್ಬಾಕಿಗೆ ಬಣ್ಣ ಅಡ್ಡ ಬರತೈತಿ, ಒಬ್ಬಾಕಿಗೆ ಜಾತಕ ಅಡ್ಡ ಬರತೈತಿ. ನನಗ ಅಷ್ಟು ದೊಡ್ಡ ರೈಲ ಅಡ್ಡ ಬಂತಲ್ಲಪ್ಪಾ' ಎಂದು ನಕ್ಕಳು. ಆ ನಗು ಮುಗಿಯುವ ಮೊದಲೇ ಒಳಗೆ ಹೋಗಿ ಕದ ಹಾಕಿಕೊಂಡಳು. ಅವಳು ಏನೆಂದಳು ಎಂದು ಸಾಹೇಬರು ಕೇಳಿದರು, ಹೇಳಿದೆ. ಆ ದಿನ ಅವರು ಕೆಲಸ ನಿಲ್ಲಿಸಿ ಡೇರೆಗೆ ಹೋಗಿ ಮಲಗಿದರು.

ಬಹಳ ದಿನದ ಮೇಲೆ ಪೇಟೆಯಲ್ಲಿ ಗುಮಾಸ್ತರು ಸಿಕ್ಕಿದ್ದರು. ಮಗಳ ಲಗ್ನವಾಯಿತೆಂದರು. ಹುಡುಗ ಏನು ಮಾಡುತ್ತಾನೆ, ಹೊಲ ಎಷ್ಟು ಎಂದು ನಾನು ಕೇಳಿದೆ.

'ಅದೆಲ್ಲಾ ಆಮ್ಯಾಲ ಕೇಳಿದೆ ನೋಡ್ರಿ. ಮೊದಲ ಕೇಳಿದ್ದು ಒಂದ ಮಾತು: ನಿಮ್ಮೂರಿಗೆ ರೈಲು-ಗೀಲು ಬರೂದು ಏನೂ ಇಲ್ಲ ಹೌದಲ್ರೀ?'

ದುರ್ಬೀನು

ಮುಂದೆ ಒಂದು ಊರು. ಊರ ನಡುವೆ ಊರಾಳಿದ ಮನೆತನದ ಎತ್ತರದ ಹಳೆಯ ವಾಡೆ. ಸಾಹೇಬರು ಮೂರು ಕಾಲಿನ ಮೇಲೆ ಅಳತೆಯ ದುರ್ಬೀನು ನಿಲ್ಲಿಸಿದರೆ ಸಾಕು, ಊರಿಗೆ ಊರೇ ಸಾಲು ಹಚ್ಚುತ್ತಿತ್ತು. ಆ ದುರ್ಬೀನಿನ ಗುಣವೆಂದರೆ ಅದರೊಳಗೆ ಎಲ್ಲವೂ ತಲೆಕೆಳಗಾಗಿ ಕಾಣುವುದು. ಮಕ್ಕಳು ನೋಡಿ ಕೇಕೆ ಹಾಕಿ ಓಡುತ್ತಿದ್ದರು.

ವಾಡೆಯ ಅಂಗಳ ಗುಡಿಸಿ ಗುಡಿಸಿಯೇ ಬೆನ್ನು ಬಾಗಿದ ಒಬ್ಬ ಮುದುಕಿ ಬಂದು, 'ನನಗೂ ತೋರಸ್ರೀ' ಎಂದಳು. ಸಾಹೇಬರು ಎತ್ತರ ತಗ್ಗಿಸಿಕೊಟ್ಟರು. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು.

'ಅಯ್ಯ ಶಿವನ! ವಾಡೇ ತಲಿಕೆಳಗಾಗೇತಿ!'

ಬೇರೆಯವರಾದರೆ ಅಷ್ಟಕ್ಕೇ ಹಿಂದೆ ಸರಿಯುತ್ತಿದ್ದರು. ಇವಳು ಸರಿಯಲಿಲ್ಲ. ಹಿಂದಿನವರು ಗದ್ದಲ ಹಾಕಿದರೂ ಕಣ್ಣು ಕೀಳಲಿಲ್ಲ. ಕೊನೆಗೆ ಸಾಹೇಬರ ಕೈ ಹಿಡಿದುಕೊಂಡು ಹೇಳಿದಳು:

'ಇದನ್ನ ಹಿಂಗ ಇಟ್ಟಿರ್ರಿ ಯಪ್ಪಾ, ತಿರುವಬ್ಯಾಡ್ರಿ. ನಮ್ಮ ಮುದುಕನ್ನ ಕರಕೊಂಡ ಬರತೇನಿ. ಆ ವಾಡೇದ ಕಂಬಕ್ಕ ಕಟ್ಟಿಸಿಕೊಂಡು ಹೊಡತಾ ತಿಂದಾಂವ ಅಂವಾ.'

ಚೀಲದೊಳಗಿನ ತಲೆ

ಸವದತ್ತಿಯ ಕಡೆ ಹೊಳೆಗೆ ಸೇತುವೆ ಎಲ್ಲಿ ಕಟ್ಟಬಹುದೆಂದು ನೋಡಲು ದಂಡೆಯಲ್ಲಿ ಡೇರೆ ಹಾಕಿದ್ದೆವು. ನಾವು ಬಂದ ಎರಡೇ ದಿನಕ್ಕೆ ಅಲ್ಲಿನ ಹಳ್ಳಿಯ ಸಾಲಿ ಖಾಲಿಯಾಯಿತು. ಮಕ್ಕಳನ್ನು ತಾಯಂದಿರು ಕದ ಹಾಕಿ ಒಳಗೆ ಕೂಡಿಸಿದ್ದರು. ಸಾಲಿ ಮಾಸ್ತರರು ಬಂದು ಕಾರಣ ಹೇಳಿದರು. ಸೇತುವೆಯ ಬುಡ ನಿಲ್ಲಬೇಕಾದರೆ ಮಕ್ಕಳ ತಲೆ ಹಾಕಬೇಕು, ಅದಕ್ಕೇ ನಾವು ಊರೂರು ಅಲೆಯುತ್ತಿದ್ದೇವೆ ಎಂದು ಸುದ್ದಿ ಹಬ್ಬಿತ್ತು.

'ನೀವು ಸ್ವಲ್ಪ ಜ್ವಾಕಿಲೆ ಇರ್ರಿ' ಎಂದು ಮಾಸ್ತರರು ಎಚ್ಚರಿಸಿ ಹೋದರು. ಅಂದು ಸಂತೆ. ನಮ್ಮ ಅಡಿಗೆಯವನೂ ನಾನೂ ಸಂತೆಗೆ ಹೋದೆವು. ಸಾಹೇಬರಿಗೆ ಕುಂಬಳಕಾಯಿ ಹುಳಿ ಎಂದರೆ ಪ್ರಾಣ. ದೊಡ್ಡದೊಂದು ಬೂದುಗುಂಬಳ ಆರಿಸಿ, ಗೋಣಿಚೀಲದಲ್ಲಿ ಹಾಕಿ, ಅಡಿಗೆಯವ ಹೆಗಲ ಮೇಲೆ ಹೊತ್ತುಕೊಂಡ. ಊರ ಅಗಸಿ ಬಾಗಿಲು ದಾಟುವಾಗ ಚೀಲದೊಳಗಿನ ದುಂಡನೆಯ ಆಕಾರ ಯಾರದೋ ಕಣ್ಣಿಗೆ ಬಿತ್ತು.

'ಚೀಲದಾಗ ಏನೈತಲೇ?'

ಅಡಿಗೆಯವನಿಗೆ ಸಿಟ್ಟು ಮೂಗಿನ ಮೇಲೆ. 'ಸಾಹೇಬರ ಊಟಕ್ಕ ಒಯ್ಯಾಕ ಹತ್ತೇನಿ, ನಿನಗ್ಯಾಕ?' ಎಂದುಬಿಟ್ಟ.

ಮುಂದಿನದು ನನಗೆ ಪೂರ್ತಿ ನೆನಪಿಲ್ಲ. ನನ್ನನ್ನು ಯಾರೋ ಗೋಡೆಗೆ ಒತ್ತಿ ಹಿಡಿದಿದ್ದರು. ಅಡಿಗೆಯವ ನೆಲದ ಮೇಲಿದ್ದ, ಬಾಯಿಂದ ರಕ್ತ. ಹೊಡೆಯುವವರೆಲ್ಲ ಹೊಡೆಯುತ್ತಿದ್ದರು, ಚೀಲ ಬಿಚ್ಚುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ. ಅದು ಮಣ್ಣಿನಲ್ಲಿ ಬಿದ್ದಿತ್ತು. ಉಳಿದವರು ಅದನ್ನು ಸುತ್ತಿ ದೂರ ನಿಂತಿದ್ದರು.

ಆಗ ಗುಂಪು ಸೀಳಿಕೊಂಡು ಒಬ್ಬ ಹೆಣ್ಣುಮಗಳು ಬಂದಳು. ಅವಳನ್ನು ಕಂಡು ಜನ ದಾರಿ ಬಿಟ್ಟರು. ಹಿಂದಿನ ಮಳೆಗಾಲದಲ್ಲಿ ಅವಳ ಮಗ ಹೊಳೆಯ ಪಾಲಾಗಿದ್ದ, ಹೆಣವೂ ಸಿಕ್ಕಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವಳು ಮಣ್ಣಿನಲ್ಲೇ ಕುಳಿತು ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದಳು. ಕೈ ನಿಂತಿತು. ಮೆಲ್ಲಗೆ ಕಾಯಿಯನ್ನು ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಅದರ ಮೇಲಿನ ಬೂದಿ ಅವಳ ಅಂಗೈಗೆ ಹತ್ತಿತು.

'ಕುಂಬಳಕಾಯಿ ಐತಿ' ಎಂದಳು. ಅಂಗೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡು, 'ಬಿಡ್ರಿ ಅವರನ್ನ. ನನ್ನ ಕೂಸನ್ನ ಒಯ್ದದ್ದು ಹೊಳಿ, ಇವರಲ್ಲ' ಎಂದಳು.

ಹಿಡಿದವರು ಬಿಟ್ಟರು. ಆದರೆ ಊರ ಹಿರಿಯರಿಗೆ ಹೊಸ ಸಂಶಯ. ಕುಂಬಳಕಾಯಿ ಒಡೆಯುವುದೂ ಬಲಿಗೇ ಅಲ್ಲವೇ? ಚರ್ಚೆಯಾಗಿ, ಹಾಗಿದ್ದರೆ ಅದನ್ನೇ ಹೊಳೆಗೆ ಒಡೆದುಬಿಡಲಿ, ಮುಂದೆ ಯಾರ ತಲೆಯೂ ಬೇಡ, ಊರಿಗೂ ಸಮಾಧಾನ ಎಂದು ಠರಾಯಿತು. ಸಾಹೇಬರನ್ನು ಕರೆಸಿದರು. ಅವರು ಬೂಟು ಕಳಚಿ, ಕಾಯಿಗೆ ಕುಂಕುಮ ಹಚ್ಚಿ, ಇಡೀ ಊರಿನ ಎದುರು ದಂಡೆಯ ಕಲ್ಲಿಗೆ ಅಪ್ಪಳಿಸಿದರು. ಜನ ಕೈ ಮುಗಿದರು. ಮಾರನೆಯ ದಿನ ಸಾಲಿ ಮತ್ತೆ ತುಂಬಿತು.

ಕೈ ಮುಗಿಯದೆ ನಿಂತವನು ಅಡಿಗೆಯವ ಒಬ್ಬನೇ. ಬಾಯಿಗೆ ಒದ್ದೆ ಅರಿವೆ ಒತ್ತಿಕೊಂಡು, ಮುಂದಿನ ಎರಡು ಹಲ್ಲು ಹೋದ ಸಂದಿಯಿಂದ ಗಾಳಿ ಬಿಡುತ್ತ ಅಂದ:

'ನನ್ನ ರಕ್ತಾ ಬಿದ್ದದ್ದು ಸೇತುವಿಗೆ ಸಾಲಲಿಲ್ಲೇನ್ರಿ? ಕಾಯಿನೂ ಒಡದ್ರಿ. ಇನ್ನ ಹುಳಿ ಯಾತರದು ಮಾಡ್ಲಿ?'

ಪಡಸಾಲೆಯ ಗೂಟ

ಕಟಕೋಳ ದಾಟಿ ರಾಮದುರ್ಗದ ಕಡೆ ಹೊರಟಾಗ ಒಂದು ಊರಿನಲ್ಲಿ ಮಾರ್ಗ ಅಲ್ಲಿಯ ಗೌಡರ ನೀರಾವರಿ ಹೊಲದ ಅಂಚಿನಲ್ಲಿ ಹಾಯ್ದಿತ್ತು. ಗೌಡರು ಸಾಹೇಬರನ್ನು ಹೋಳಿಗೆ ಊಟಕ್ಕೆ ಕರೆದರು. ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುವಾಗ ಮಾತು ತೆಗೆದರು.

'ಮಾರ್ಗ ಒಂಚೂರು ಆಕಡೆ ಸರಸ್ರಿ ಸಾಹೇಬ್ರ. ಅಲ್ಲೆ ಬರೇ ಕೇರಿ ಐತಿ. ಅವರಿಗೇನ್ರಿ, ಎಲ್ಲೆರ ಗುಡಸಲಾ ಹಾಕ್ಕೊಂಡ ಇರತಾರ.'

ಊರಿನವರು ಮುಟ್ಟಿಸಿಕೊಳ್ಳದ ಜನ ಇರುವ ಕೇರಿ ಅದು. ಸಾಹೇಬರು ಹೋಳಿಗೆ ಚೆನ್ನಾಗಿತ್ತೆಂದು ಹೇಳಿ, ಮಾರ್ಗ ಸರಿಯುವುದಿಲ್ಲವೆಂದು ಎದ್ದರು.

ಮಾರನೆಯ ಬೆಳಿಗ್ಗೆ ನೋಡಿದರೆ ಹೊಲದ ಗೂಟಗಳು ಹೊಲದಲ್ಲಿಲ್ಲ. ಕೇರಿಯ ಗುಡಿಸಲುಗಳ ನಡುವೆ ಸಾಲಾಗಿ ನಿಂತಿವೆ. ಹೆಂಗಸರು ಮಡಕೆ ಕುಡಿಕೆ ಹೊರಗೆ ತಂದಿಟ್ಟು, ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಕಾಯುತ್ತಿದ್ದರು. ಒಂದು ಗೂಟ ಬಾಣಂತಿಯೊಬ್ಬಳ ಬಾಗಿಲಿಗೇ ನಾಟಿತ್ತು. ಅವಳು ಕೂಸನ್ನು ಎತ್ತಿಕೊಂಡು ಬೇವಿನ ಗಿಡದ ಕೆಳಗೆ ಕುಳಿತಿದ್ದಳು. ಕೇರಿಯ ಹಿರಿಯಳಾದ ಒಬ್ಬ ಮುದುಕಿ ನನ್ನನ್ನು ಕೇಳಿದಳು.

'ಇವತ್ತ ಕೆಡವತೀರೇನಪ್ಪಾ, ಏನ್ ಸಂಜೀ ಮಟಾ ಟೈಮ್ ಐತಿ?'

ಇದು ನಾವು ಮಾಡಿದ್ದಲ್ಲವೆಂದು ಹೇಳಿ, ಗೂಟಗಳನ್ನು ಕೀಳಿಸಿ ಮೊದಲಿನ ಜಾಗಕ್ಕೇ ಹೊಡೆಸಿದೆವು. ಎರಡು ದಿನ ಬಿಟ್ಟು ಅವು ಮತ್ತೆ ಕೇರಿಗೆ ಬಂದವು. ಮತ್ತೆ ಹೊಡೆಸಿದೆವು. ಬಾಣಂತಿ ಮಾತ್ರ ಗುಡಿಸಲೊಳಗೆ ಹೋಗಲು ಒಪ್ಪದೆ ಗಿಡದ ಕೆಳಗೇ ಉಳಿದಳು. ಕೂಸಿಗೆ ಜ್ವರ ಬಂತು. ಸಾಹೇಬರು ತಮ್ಮ ಪೆಟ್ಟಿಗೆಯ ಔಷಧ ಕೊಟ್ಟರು. ಅದೃಷ್ಟ, ಕೂಸು ಚೇತರಿಸಿಕೊಂಡಿತು. ಅಷ್ಟು ದಿನವೂ ಮುದುಕಿ ನಮ್ಮ ಖಲಾಸಿಗಳು ಗೂಟ ಹೊಡೆಯುವುದನ್ನೇ ನೋಡುತ್ತ ಕುಳಿತಿದ್ದಳು.

ಅದಾದ ಮೇಲೆ ಗೌಡರ ಮನೆಯವರೆಲ್ಲ ರಾಮದುರ್ಗಕ್ಕೆ ಒಂದು ಲಗ್ನಕ್ಕೆ ಹೋದರು. ಮನೆಯಲ್ಲಿ ಕಿವಿ ಕೇಳದ ಒಬ್ಬ ಆಳು. ಲಗ್ನ ಮುಗಿಸಿ ಗೌಡರು ತಿರುಗಿ ಬಂದು ನೋಡುತ್ತಾರೆ: ಹೊಲದ ಗೂಟಗಳೆಲ್ಲ ಮನೆಗೆ ಬಂದಿವೆ. ಕೊಟ್ಟಿಗೆಯಲ್ಲಿ ಒಂದು ಗೂಟ, ಅಂಗಳದಲ್ಲಿ ಒಂದು ಗೂಟ, ತಲೆಬಾಗಿಲು ದಾಟಿ ಪಡಸಾಲೆಯ ನಟ್ಟನಡುವೆ, ಅವರು ಗಾದಿ ಹಾಕಿಕೊಂಡು ಕೂಡುವ ಜಾಗದಲ್ಲೇ, ಸಾರಿಸಿದ ನೆಲ ಒಡೆದು ಇನ್ನೊಂದು ಗೂಟ. ಹಿತ್ತಲಲ್ಲಿ ಮತ್ತೊಂದು. ಸಾಹೇಬರು ದುರ್ಬೀನು ಹಚ್ಚಿ ನೋಡಿ, 'ನಮ್ಮವರು ಹೊಡೆದದ್ದಕ್ಕಿಂತ ನೇರವಾಗಿದೆ' ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದರು.

ಚಾವಡಿಯಲ್ಲಿ ಊರು ಕೂಡಿತು. ಕೇರಿಯವರು ಎಂದಿನಂತೆ ದೂರ, ಬಿಸಿಲಲ್ಲಿ ನಿಂತರು. ಗೌಡರು ಮೈಯೆಲ್ಲ ಬೆಂಕಿಯಾಗಿದ್ದರು.

'ನನಗ ಗೊತ್ತೈತಿ ಯಾರ ಕೆಲಸ ಅಂತ! ಈ ಕೇರಿಯವರ್ದ ಇದು. ಇವರ ನನ್ನ ಮನಿಯಾಗ...'

ಮುದುಕಿ ಮುಂದೆ ಬಂದು ಸೆರಗು ಹೊದ್ದುಕೊಂಡು ಕೈ ಮುಗಿದಳು.

'ತಡೀರಿ ಗೌಡ್ರ. ನಾವು ನಿಮ್ಮ ಹೊಸ್ತಿಲಾ ದಾಟೂ ಹಂಗಿಲ್ಲ. ನಮ್ಮ ಅಜ್ಜಾ ಮುತ್ಯಾನ ಕಾಲದಿಂದ ದಾಟಿಲ್ಲ. ಗೂಟ ನಿಮ್ಮ ಪಡಸಾಲ್ಯಾಗ ಐತಿ, ದೇವರ ಮನಿ ಎದರಿಗೆ. ನಾವು ಅಲ್ಲೀ ಮಟಾ ಬಂದು, ಕುಂತು, ನೆಲಾ ಅಗದು, ಗೂಟ ಹೊಡದು ಹೊಂಟೇವಿ ಅಂತ ನೀವ ನಿಮ್ಮ ಬಾಯಿಲೆ ಊರ ಮುಂದ ಹೇಳಿಬಿಡ್ರಿ. ನಾವು ಹೂಂ ಅಂತೇವಿ. ಏನ್ ಶಿಕ್ಷಾ ಕೊಡತೀರಿ ಕೊಡ್ರಿ.'

ಗೌಡರ ಮನೆಯಲ್ಲಿ ಊಟ ಮಾಡುವವರು, ಗೌಡರಿಗೆ ಹೆಣ್ಣು ಕೊಟ್ಟವರು, ದೇವರ ಮನೆಯ ಪೂಜೆಗೆ ಬರುವ ಅಯ್ಯನವರು ಎಲ್ಲರೂ ಗೌಡರ ಮುಖವನ್ನೇ ನೋಡುತ್ತಿದ್ದರು. ಗೌಡರ ಹಣೆಯ ಬೆವರು ಮೀಸೆಗೆ ಇಳಿಯಿತು. ಕೊನೆಗೆ ಹೇಳಿದರು:

'ಇವರ್ಯಾರೂ ಒಳಗ ಬಂದಿಲ್ಲ. ಗೂಟ... ಗೂಟ ನಾನ ಹೊಡಿಸೇನಿ.'

ನಾನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಗಂಭೀರವಾಗಿ ಎದ್ದು ಹೋಗಿ ಗೌಡರ ಎರಡೂ ಕೈ ಹಿಡಿದುಕೊಂಡರು. ಅವರು ಹೇಳಿದ್ದನ್ನು ನಾನು ಊರಿಗೆಲ್ಲ ಕೇಳುವಂತೆ ತಿರುಗಿಸಿದೆ. 'ರೈಲಿಗಾಗಿ ಸ್ವಂತ ಮನೆಯನ್ನೇ ಬಿಟ್ಟುಕೊಟ್ಟ ಮಹನೀಯರನ್ನು ನನ್ನ ಸರ್ವಿಸಿನಲ್ಲಿ ಇದೇ ಮೊದಲು ಕಾಣುತ್ತಿದ್ದೇನೆ.' ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಬೇಕಾಯಿತು. ಚಪ್ಪಾಳೆಯ ನಡುವೆ ಗೌಡರು ನನ್ನ ಕಿವಿಗೆ ಬಾಯಿ ಹಚ್ಚಿ, 'ಮೊದಲ ಹೊಲದಾಗ ಇತ್ತಲ್ಲಾ, ಅಲ್ಲೇ ಚೊಲೋ ಇತ್ತು ಅಂತ ಹೇಳ್ರಿ ಅವರಿಗೆ' ಎಂದು ಗೋಗರೆದರು.

ಗೂಟಗಳು ಹೊಲಕ್ಕೆ ಹೋದವು. ಆಮೇಲೆ ಒಂದೂ ಅಲುಗಲಿಲ್ಲ. ಬಾಣಂತಿ ಕೂಸಿನೊಂದಿಗೆ ಗುಡಿಸಲೊಳಗೆ ಹೋದಳು.

ಡೇರೆ ಕಿತ್ತು ಹೊರಡುವ ದಿನ ಕೇರಿಯ ಹತ್ತಿರ ಹಾಯುವಾಗ ಮುದುಕಿ ಕಂಡಳು. ನನಗೆ ತಡೆಯಲಾಗಲಿಲ್ಲ.

'ಖರೆ ಹೇಳ ಯವ್ವಾ. ಗೌಡರ ಮನಿ ಒಳಗ ಹೋದವರು ಯಾರು?'

ಅವಳು ಆಚೀಚೆ ನೋಡಿ, ಸೆರಗು ಬಾಯಿಗೆ ಇಟ್ಟುಕೊಂಡಳು.

'ನಾವ್ಯಾಕ ಹೋಗೂಣಪ್ಪಾ? ಮುಂದ ಹೋದದ್ದು ಸರಕಾರದ ರೈಲು. ನಾವು ಬರೇ ಅದರ ಹಿಂದಿನ ಡಬ್ಬಿ.'